ಅಮ್ಮನ ಬಟ್ಟಲು ಯಾಕೆ ಖಾಲಿ?

"ಇದು ತೊಳೆದಿಟ್ಟಿರೋದೋ, ಮಾಡಿಟ್ಟಿರೋದೋ?"

ನಾನು ಜೀವನದಲ್ಲಿ ಮೊದಲ ಸಲ ಮಾಡಿದ ಸಲಾಡ್ ನೋಡಿ ಅಮ್ಮ ಕೇಳಿದ ಪ್ರಶ್ನೆ ಇದು. ಕೊಂಕು ಅಂದುಕೊಳ್ಳಬೇಡಿ, ಅವಳಿಗೆ ನಿಜವಾಗಿಯೂ ಅನುಮಾನವಿತ್ತು. ಬಟ್ಟಲಲ್ಲಿ ಹಸಿ ಲೆಟಿಸ್ ಎಲೆ, ಸೌತೆಕಾಯಿ ಹೋಳು, ಸೀಬೆಹಣ್ಣಿನ ಚೂರು, ಮೇಲೆ ದಾಳಿಂಬೆ ಕಾಳು. ಅಮ್ಮನ ಪ್ರಕಾರ ಇದು ಅಡುಗೆ ಶುರುವಾಗುವ ಮುಂಚಿನ ಸ್ಥಿತಿ. ಇನ್ನು ಮೇಲೆ ಯಾರಾದರೂ ಬಂದು ಒಲೆ ಹಚ್ಚಬೇಕು.

"ಮಾಡಿಟ್ಟಿರೋದಮ್ಮ. ಸಲಾಡ್ ಇದು."

"ಓ... ಒಗ್ಗರಣೆ ಮರ್ತ್‌ಬುಟ್ಟಿದ್ದೀಯ ಬುಡು," ಅಂದವಳೇ ಒಳಗೆ ಹೋದಳು.

ನಾನು ಫೋನಿನಲ್ಲಿ ಮುಳುಗಿದ್ದೆ. (ಸಲಾಡಿನ ಫೋಟೊಗೆ ಯಾವ ಕಡೆಯಿಂದ ಬೆಳಕು ಬಿದ್ದರೆ ಚೆನ್ನ ಅಂತ ನೋಡುತ್ತಿದ್ದೆ. ಮೊದಲ ಕೃತಿ, ನೋಡಿ.) ಅಷ್ಟರಲ್ಲಿ ಚೊಂಯ್ ಅಂತ ಸದ್ದು. ತಲೆ ಎತ್ತಿದರೆ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಸಮೇತ ಕಾದ ಎಣ್ಣೆ ನನ್ನ ಲೆಟಿಸ್ ಮೇಲೆ! ಬಟ್ಟಲು ತುಂಬಿ ತುಳುಕುತ್ತಿದ್ದ ಸೊಪ್ಪು ಕಣ್ಣೆದುರಲ್ಲೇ ಕುಗ್ಗಿ ಕುಗ್ಗಿ, ಒಂದು ಹಿಡಿಯಾಗಿ, ಮೂಲೆಗೆ ಹೋಗಿ ಕೂತಿತು.

"ನೋಡು, ಈಗ ಅಡುಗೆ ಆಯ್ತು," ಅಂದಳು ಅಮ್ಮ.

ನನ್ನ ಖಾಯಂ ಓದುಗರಿಗೆ ಗೊತ್ತು, ಚಿಂತೆಯ ವಿಷಯದಲ್ಲಿ ನಾನು ಸಂಪೂರ್ಣ ಸ್ವಾವಲಂಬಿ. ಗೀಸರ್ ಆಫ್ ಮಾಡಿದೆನೋ ಇಲ್ಲವೋ ಎಂದು ನಂಜನಗೂಡಿನ ಅರ್ಧ ದಾರಿಯಿಂದ ವಾಪಸ್ಸು ಬಂದವನು. ಮಗಳು ಸಿಂಚನ ಫೋನ್ ಎತ್ತದಿದ್ದರೆ ಚಿಂತೆ, ಒಂದೇ ರಿಂಗಿಗೆ ಎತ್ತಿದರೆ "ಏನಾಯ್ತು?" ಅಂತ ಇನ್ನೂ ಹೆಚ್ಚು ಚಿಂತೆ. ಐವತ್ತು ದಾಟಿದ ಮೇಲೆ ಮನುಷ್ಯ ಶಾಂತನಾಗುತ್ತಾನೆ ಅಂತ ಯಾರೋ ಹೇಳಿದ್ದರು. ಅವರು ಯಾರು ಅಂತ ಹುಡುಕುತ್ತಿದ್ದೇನೆ.

ಆದರೆ ಈ ಸಲದ ಚಿಂತೆಗೆ ಆಧಾರವಿತ್ತು. ಅಮ್ಮ ಊಟ ಬಿಡುತ್ತಿದ್ದಳು.

ಒಂದೇ ಸಲ ಬಿಟ್ಟಿದ್ದರೆ ಗೊತ್ತಾಗುತ್ತಿತ್ತು. ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ಮೊದಲು ಎರಡನೇ ಸಲ ಬಡಿಸಿಕೊಳ್ಳುವುದು ನಿಂತಿತು. ಆಮೇಲೆ ಮುದ್ದೆ ಅರ್ಧವಾಯಿತು. ಆಮೇಲೆ ಸಾರನ್ನ ಬಿಟ್ಟು ಮಜ್ಜಿಗೆಗೆ ಹಾರತೊಡಗಿದಳು. ಅವಳ ಪ್ರಾಣವಾಗಿದ್ದ ಸಂಜೆಯ ಕಾಫಿ ಲೋಟದಲ್ಲಿ ಅರ್ಧ ಉಳಿದು, ಕೆನೆ ಕಟ್ಟಿ, ಸಿಂಕಿಗೆ ಹೋಗುತ್ತಿತ್ತು. ರವಿಕೆಯ ತೋಳು ಸಡಿಲವಾಗಿ ಜೋತಾಡುವುದನ್ನು ನೋಡಿದ ದಿನ ನನಗೆ ನಿದ್ದೆ ಹತ್ತಲಿಲ್ಲ. ಕೇಳಿದರೆ ಒಂದೇ ಉತ್ತರ: "ಸೇರಲ್ಲ ಕಣೋ."

ಸೇರಲ್ಲ ಅಂದರೆ ಏನು? ಹೊಟ್ಟೆಗೆ ಸೇರಲ್ಲವೋ, ಮನಸ್ಸಿಗೆ ಸೇರಲ್ಲವೋ?

ರಕ್ತ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು. ಎಲ್ಲ ನಾರ್ಮಲ್. ನಮ್ಮ ಬೀದಿಯ ಡಾಕ್ಟರು ರಿಪೋರ್ಟ್ ಮಡಿಸಿ ಕೊಡುತ್ತಾ, "ವಯಸ್ಸಾಯ್ತಲ್ಲ ಸಾರ್, ಹಸಿವು ಕಮ್ಮಿಯಾಗತ್ತೆ. ಹಣ್ಣು, ಹಸಿ ತರಕಾರಿ, ಏನಾದ್ರೂ ಫ್ರೆಶ್ಶಾಗಿ ಕೊಟ್ಟು ನೋಡಿ," ಅಂದರು. ನಾರ್ಮಲ್ ಅಂದರೆ ಬೇರೆಯವರಿಗೆ ಸಮಾಧಾನ. ನನ್ನಂಥವನಿಗೆ, ಕಾಯಿಲೆ ಎಲ್ಲೋ ಸರಿಯಾಗಿ ಅಡಗಿ ಕೂತಿದೆ ಅಂತ ಅರ್ಥ.

ಸಲಾಡ್ ಹೊಳೆದಿದ್ದು ಸಿಂಚನಳಿಗೆ. ಗೋಕುಲಂನ ಯಾವುದೋ ಕೆಫೆಗೆ ಗೆಳತಿಯರ ಜೊತೆ ಹೋಗಿ ಬಂದವಳು ಫೋಟೊ ತೋರಿಸಿದಳು. ಸೊಪ್ಪು, ಹಣ್ಣು, ಬೀಜ, ಎಲ್ಲ ಒಂದೇ ಬಟ್ಟಲಲ್ಲಿ. "ಅಜ್ಜಿ, ಯೋಗ ಕಲಿಯೋಕೆ ಬಂದಿರೋ ಫಾರಿನ್ನವರೆಲ್ಲ ಇದನ್ನೇ ಊಟ ಅಂತ ತಿಂತಾರೆ ಗೊತ್ತಾ?"

ಅಮ್ಮ ಕನ್ನಡಕ ಏರಿಸಿ ನೋಡಿದಳು. "ಪಾಪ. ಅದ್ಕೇ ಅಷ್ಟ್ ದೂರದಿಂದ ಬಂದವ್ರೆ. ಇಲ್ಲಾದ್ರೂ ಅನ್ನ ಸಿಕ್ಕೀತು ಅಂತ."

ಹಾಗೆ ಶುರುವಾಯಿತು ನನ್ನ ಸಲಾಡ್ ವ್ರತ. ಒಗ್ಗರಣೆ ಬಿದ್ದ ಆ ಮೊದಲ ಬಟ್ಟಲನ್ನು ಬಿಟ್ಟುಬಿಡಿ. (ಅದನ್ನು ಚಪಾತಿಗೆ ಪಲ್ಯವೆಂದು ನಾನೇ ತಿಂದೆ. ಕೆಟ್ಟದಾಗೇನೂ ಇರಲಿಲ್ಲ.) ಎರಡನೆಯ ದಿನದಿಂದ ನಾನು ಗಂಭೀರವಾದೆ.

ಮೊದಲ ಪಾಠ, ತೊಳೆಯುವುದು. ಎಲೆಗೆ ಯಾವ ಔಷಧ ಹೊಡೆದಿದ್ದಾರೋ ಎಂಬ ಚಿಂತೆಯಿಂದ ಉಪ್ಪು ನೀರಿನಲ್ಲಿ ನೆನೆಸಿದೆ. ಸಾಲದು ಅನ್ನಿಸಿ ಅರಿಸಿನದ ನೀರು. ಅದೂ ಸಾಲದು ಅನ್ನಿಸಿ ವಿನೆಗರ್ ನೀರು. ಹೆಂಡತಿ ಗಿರಿಜಾ ಬಂದು ನೋಡಿ, "ರೀ, ಸೊಪ್ಪು ತೊಳೀತಿದ್ದೀರೋ, ಉಪ್ಪಿನಕಾಯಿ ಹಾಕ್ತಿದ್ದೀರೋ?" ಅಂದಳು.

ಎರಡನೆಯ ಪಾಠ, ಒಣಗಿಸುವುದು. ಎಲೆಯ ಮೇಲೆ ನೀರಿದ್ದರೆ ನಿಂಬೆರಸ, ಎಣ್ಣೆ ಯಾವುದೂ ನಿಲ್ಲುವುದಿಲ್ಲ, ಜಾರಿ ತಳ ಸೇರುತ್ತದೆ. ಇದಕ್ಕೆಂದೇ ಗಿರಗಿರ ತಿರುಗುವ ಡಬ್ಬಿ ಬರುತ್ತದಂತೆ. ನಮ್ಮಲ್ಲಿ ಹಳೆಯ ಪಂಚೆ ಇತ್ತು. ಎಲೆಯನ್ನೆಲ್ಲ ಅದರಲ್ಲಿ ಗಂಟು ಕಟ್ಟಿ, ಹಿತ್ತಲಿಗೆ ಹೋಗಿ, ತಲೆಯ ಮೇಲೆ ಬೀಸಿದೆ. ಮಹಡಿಯ ಮನೆಯಲ್ಲಿ ಬಾಡಿಗೆಗಿರುವ ಶಿವಣ್ಣನವರು ಬಾಲ್ಕನಿಯಿಂದ ಬಗ್ಗಿ ಕೇಳಿದರು: "ಏನ್ ಮಾದೇವ್ರೇ, ಕವಣೆ ಬೀಸ್ತಿದ್ದೀರಾ? ಹಕ್ಕಿ ಯಾವುದೂ ಕಾಣ್ತಿಲ್ವಲ್ಲ?" ಉತ್ತರ ಕೊಡಲು ತಲೆ ಎತ್ತಿದೆ. ಗಂಟು ಬಿಚ್ಚಿತು. ಅರ್ಧ ಲೆಟಿಸ್ ಅವರ ಬಾಲ್ಕನಿಗೆ ಹೋಯಿತು.

ಮೂರನೆಯ ಪಾಠ ಕಲಿಸಿದ್ದು ಅಮ್ಮ. ನಾನು ಮೊದಲೇ ಉಪ್ಪು ಹಾಕಲು ಹೊರಟಾಗ ಕೈ ಹಿಡಿದಳು. "ಈಗ್ಲೇ ಬ್ಯಾಡ, ನೀರು ಬುಟ್ಕತದೆ. ಕೋಸಂಬರಿಗೆ ಎಂಗೆ ಹಾಕ್ತೀವೋ ಅಂಗೇ. ಊಟದೆಲೆ ಮುಂದೆ ಕೂತ ಮ್ಯಾಲೆ ಉಪ್ಪು." ಫೋನಿನ ವಿಡಿಯೊದಲ್ಲಿ ಬಿಳಿ ಟೋಪಿಯವನು ಬಹಳ ಹೊತ್ತು ಮಾತಾಡಿ ಹೇಳಿದ್ದೂ ಇದನ್ನೇ.

ಆಮೇಲೆ ನಡೆದದ್ದೇ ವಿಚಿತ್ರ.

ಅಮ್ಮ ಸಲಾಡ್ ತಿಂದಳು. ಶಿಷ್ಟಾಚಾರಕ್ಕೆ ಒಂದೆರಡು ಚೂರಲ್ಲ, ಬಟ್ಟಲು ಪೂರ್ತಿ. ಮರುದಿನವೂ. ಅದರ ಮರುದಿನ ನಾನು ಮಾಡಲು ತಡವಾದಾಗ, "ಎಲ್ಲೋ ನಿನ್ನ ಸೊಪ್ಪು?" ಅಂತ ಕೇಳಿದಳು. ಮುದ್ದೆ ಮುರಿದು ಬಿಡುವವಳು, ಸಾರನ್ನು ಸರಿಸುವವಳು, ಕಾಫಿ ಚೆಲ್ಲುವವಳು, ಮೊದಲ ದಿನ "ತೊಳೆದಿಟ್ಟಿರೋದೋ" ಎಂದು ಕೇಳಿದ ಅದೇ ಹಸಿ ಸೊಪ್ಪನ್ನು ಮೆಲ್ಲುತ್ತಾ ಕೂತಿದ್ದಾಳೆ! ಅಮ್ಮನ ಹಲ್ಲು ಇವತ್ತಿಗೂ ಗಟ್ಟಿ, ಚಕ್ಕುಲಿಯನ್ನು ನಮಗಿಂತ ಮೊದಲು ಮುಗಿಸುತ್ತಾಳೆ. ಅಗಿಯುವುದೇನೋ ಸರಿ. ಆದರೆ ಇಷ್ಟಪಡುವುದು?

ನಾನು ಸಂಶೋಧನೆಗೆ ಇಳಿದೆ. ಮೊದಲ ಅನುಮಾನ, ಗೇಟಿನ ಹತ್ತಿರ ದಿನಾ ಬರುವ ಹಸುವಿಗೆ ಹಾಕುತ್ತಿರಬಹುದು. ಬಾಗಿಲ ಸಂದಿಯಿಂದ ಕಾದು ನೋಡಿದೆ. ಇಲ್ಲ, ಅವಳೇ ತಿನ್ನುತ್ತಿದ್ದಳು. ಅದೂ ಕಣ್ಣು ಮುಚ್ಚಿ, ತಲೆ ಒಂದು ಕಡೆಗೆ ವಾಲಿಸಿ, ಹಳೆಯ ಕಾಲದಲ್ಲಿ ರೇಡಿಯೊ ಮುಂದೆ ಕೂತವರ ಹಾಗೆ. ಎರಡನೆಯ ಅನುಮಾನ (ಇದು ಅನುಮಾನವಲ್ಲ, ನನ್ನ ಆಸೆ), ನನ್ನ ಕೈಗುಣ. ಗಿರಿಜಾಳ ಹತ್ತಿರ ಹೇಳಿಕೊಂಡೆ.

"ಎಲೆ ಹರಿದು ನಿಂಬೆಹಣ್ಣು ಹಿಂಡಿದ್ದೀರಿ. ಅದಕ್ಕೆ ಕೈ ಸಾಕು, ಗುಣ ಯಾಕೆ?" ಅಂದಳು.

ಮೆನುವಿನಲ್ಲೂ ಅಮ್ಮ ಕೈ ಹಾಕತೊಡಗಿದಳು. ಪರಂಗಿ ಹಣ್ಣು ಹಾಕಿದ ದಿನ ಬದಿಗೆ ಎತ್ತಿಟ್ಟಳು. "ಮೆತ್ತಗದೆ." ಬಾಳೆಹಣ್ಣಿಗೂ ಅದೇ ಗತಿ. "ಸೀಬೆ ಹಾಕು. ಹಣ್ಣಾಗಿರೋದು ಬ್ಯಾಡ, ದೋರೆಗಾಯಿ ನೋಡಿ ತಾ. ಕಡ್ಲೆಕಾಯಿ ಬೀಜ ಹುರಿದು ಹಾಕು. ಮೆಣಸಿನ ಪುಡಿ ಇನ್ನೊಂಚೂರು ಉದುರ್ಸು." ಅವಳು ಹೇಳಿದ್ದನ್ನೆಲ್ಲ ಹಾಕಿದೆ. ಬಟ್ಟಲು ಖಾಲಿಯಾಗುತ್ತಲೇ ಇತ್ತು. ಯಾಕೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ನಮ್ಮ ಅಡುಗೆಮನೆಯ ಒಂದು ಪದ್ಧತಿ ಹೇಳಿಬಿಡಬೇಕು.

ಗಿರಿಜಾ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮಧ್ಯಾಹ್ನ, ರಾತ್ರಿಯ ಅಡುಗೆ ಇವತ್ತಿಗೂ ಅಮ್ಮನದೇ. ಅದು ಅವಳ ಸರ್ಕಾರ. ಬೇರೆಯವರಿಗೆ ತರಕಾರಿ ಹೆಚ್ಚುವ ಹಕ್ಕಿದೆ, ಓಟಿನ ಹಕ್ಕಿಲ್ಲ. ಮತ್ತು ಅಮ್ಮ ಅಡುಗೆ ಮಾಡುವಾಗ ರುಚಿ ನೋಡುವುದಿಲ್ಲ. ದೇವರಿಗೆ ಎಡೆ ಇಡುವ ಮೊದಲು ಒಂದು ತೊಟ್ಟು ಸಾರನ್ನೂ ನಾಲಗೆಗೆ ಸೋಕಿಸುವುದಿಲ್ಲ. ಹಾಗಾದರೆ ಉಪ್ಪು, ಖಾರ ಸರಿಯಾಗಿದೆ ಅಂತ ತಿಳಿಯುವುದು ಹೇಗೆ?

"ಕುದಿಯೋವಾಗ ವಾಸನೇಲೇ ಗೊತ್ತಾಯ್ತದೆ."

ಕಾಲೇಜಿನ ದಿನಗಳಲ್ಲಿ ನಾನು ತರ್ಕಕ್ಕೆ ನಿಂತಿದ್ದೆ. "ಉಪ್ಪಿಗೆಲ್ಲಮ್ಮ ವಾಸನೆ?"

"ಉಪ್ಪಿಗಿಲ್ಲ. ಉಪ್ಪು ಬಿದ್ದ ಸಾರಿಗದೆ."

"ದೇವರ ಹೂವನ್ನ ಮೂಸಬಾರದು ಅಂತೀಯ. ದೇವರ ಸಾರನ್ನ ಮಾತ್ರ ಮೂಸಬಹುದಾ?"

"ನಾನೆಲ್ಲಿ ಮೂಸ್ತೀನಿ? ಅದೇ ಬಂದು ಮೂಗಿಗೆ ಹೇಳೋಗ್ತದೆ."

ಆ ಮೂಗನ್ನು ಅನುಮಾನಿಸುವಂತಿರಲಿಲ್ಲ. ಗೇಟಿನಲ್ಲಿ ನಿಂತು ಯಾರ ಮನೆಯಲ್ಲಿ ಬಸ್ಸಾರು, ಯಾರ ಮನೆಯಲ್ಲಿ ಉಪ್ಸಾರು ಅಂತ ಹೇಳುತ್ತಿದ್ದ ಮೂಗು. ನಾನು ಕದ್ದು ಸೇದಿದ ಸಿಗರೇಟನ್ನೂ, ಅದನ್ನು ಮುಚ್ಚಲು ತಿಂದ ಪೆಪ್ಪರ್‌ಮೆಂಟನ್ನೂ ಬೇರೆ ಬೇರೆಯಾಗಿ ಹೆಸರಿಸಿ ನಿಲ್ಲಿಸಿಕೊಂಡು ಕೇಳಿದ ಮೂಗು. ಊರಿನ ಆ ಕಡೆ, ನಜರ್‌ಬಾದಿನ ತವರುಮನೆಯಲ್ಲಿ ಹಲಸಿನ ಹಣ್ಣು ಕೊಯ್ದರೆ ನಮ್ಮ ಲಕ್ಷ್ಮೀಪುರಂಗೆ ವಾಸನೆ ಬರುತ್ತದೆ ಅನ್ನುತ್ತಿದ್ದಳು. ಹಲಸೆಂದರೆ ಅವಳಿಗೆ ಅಷ್ಟು ಪ್ರೀತಿ.

ಆದರೆ ಇತ್ತೀಚೆಗೆ ಅಮ್ಮನ ಅಡುಗೆ ಸ್ವಲ್ಪ ಹಳಿ ತಪ್ಪಿತ್ತು. ಒಂದು ದಿನ ಸಾರಿಗೆ ಉಪ್ಪೇ ಇಲ್ಲ. ಇನ್ನೊಂದು ದಿನ ಪಲ್ಯದ ಒಗ್ಗರಣೆ ಸೀದು ಕಪ್ಪು. ನಾವು ಯಾರೂ ಏನೂ ಅನ್ನಲಿಲ್ಲ. ಪಾಪ, ವಯಸ್ಸಾದವಳು, ಊಟ ಬೇರೆ ಸೇರುತ್ತಿಲ್ಲ, ಅದರ ಮೇಲೆ ನಮ್ಮದೊಂದು ಕೊಂಕೇ? ಗಿರಿಜಾ ಸದ್ದಿಲ್ಲದೆ ಉಪ್ಪಿನ ಡಬ್ಬಿ ತಂದು ಊಟದ ಮೇಜಿನ ಮೇಲಿಟ್ಟಳು. ನಾವೂ ಸದ್ದಿಲ್ಲದೆ ಉದುರಿಸಿಕೊಂಡೆವು. ಮರ್ಯಾದಸ್ಥರ ಮನೆ.

ಇನ್ನು ಹಲಸಿನ ಸಂಜೆಗೆ ಬರುತ್ತೇನೆ.

ಸಲಾಡಿಗೆ ಹೊಸ ಹಣ್ಣು ಹುಡುಕುತ್ತಿದ್ದೆನಲ್ಲ, ಅಗ್ರಹಾರದ ಹತ್ತಿರ ತಳ್ಳುಗಾಡಿಯಲ್ಲಿ ಹಲಸಿನ ತೊಳೆ ಕಂಡಿತು. ಹೊಂಬಣ್ಣದ ಗಟ್ಟಿ ತೊಳೆ. ಉದ್ದಕ್ಕೆ ಸೀಳಿ ಸೌತೆಕಾಯಿ, ಪುದೀನ ಸೊಪ್ಪಿನ ಜೊತೆ ಕಲಸಿದರೆ? ಅಮ್ಮನ ಪ್ರೀತಿಯ ಹಣ್ಣು ಬೇರೆ. ಕಟ್ಟಿಸಿಕೊಂಡೆ. ಆಟೊದಲ್ಲಿ ಬರುವಾಗ ಡ್ರೈವರು ಕನ್ನಡಿಯಲ್ಲಿ ನೋಡಿ, "ಒಳ್ಳೆ ಹಣ್ಣು ಸಾ," ಅಂದ. ಚೀಲ ಬಿಚ್ಚಿರಲೂ ಇಲ್ಲ.

ಮನೆಗೆ ಬಂದು ಚೀಲವನ್ನು ನಡುಮನೆಯಲ್ಲಿ, ಅಮ್ಮನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟೆ. ಅವಳು ಅವರೆಕಾಳು ಹಸನು ಮಾಡುತ್ತಿದ್ದಳು. ನಾನು ಏನೂ ಹೇಳಲಿಲ್ಲ. ಈಗ ಅರಳುತ್ತದೆ ಮುಖ, ಈಗ ಅರಳುತ್ತದೆ ಅಂತ ಕಾದು ನಿಂತೆ. ಹಲಸಿನ ಹಣ್ಣನ್ನು ಯಾರಾದರೂ ಬಚ್ಚಿಡಲು ಸಾಧ್ಯವೇ? ನಡುಮನೆ, ಪಡಸಾಲೆ, ಕೋಣೆ, ಎಲ್ಲ ಕಡೆ ಆಗಲೇ ಹಬ್ಬಿತ್ತು.

ಅಮ್ಮ ತಲೆ ಎತ್ತಿದಳು. ಕೈ ಬರಿದಾಗಿ ನಿಂತ ನನ್ನನ್ನು ನೋಡಿದಳು.

"ಇವತ್ತು ಹಣ್ಣು ತರ್ಲಿಲ್ವೇನೋ?"

ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಶಿವಣ್ಣನವರ ದನಿ: "ಏನ್ರೀ ಮಾದೇವ್ರೇ, ಹಲಸಿನ ಹಣ್ಣು ತಂದಂಗದೆ! ಒಬ್ಬೊಬ್ರೇ ತಿನ್ನಬ್ಯಾಡಿ!"

ಅಮ್ಮನ ಕೈ ಮೊರದಲ್ಲಿ ನಿಂತಿತು. ಮೊದಲು ಮೆಟ್ಟಿಲ ಕಡೆ ನೋಡಿದಳು, ಆಮೇಲೆ ಸ್ಟೂಲಿನ ಮೇಲಿನ ಚೀಲ. "ಆಂ... ಗೊತ್ತಾಯ್ತು ಬುಡು. ಸುಮ್ನೆ ಕೇಳ್ದೆ," ಅಂದಳು. ಎದ್ದು ಮೊರ ಹಿಡಿದು ಅಡುಗೆಮನೆಗೆ ಹೋದಳು. ಕಾಳು ಅರ್ಧ ಹಸನಾಗಿತ್ತು.

ನಾನು ಹಿಂದೆಯೇ ಹೋದೆ. ಒಂದು ತೊಳೆ ತೆಗೆದು ಅವಳ ಮುಖದ ಹತ್ತಿರ ಹಿಡಿದೆ. "ಅಮ್ಮಾ, ವಾಸನೆ ಬರ್ತಿಲ್ವಾ?"

ಮೊರವನ್ನು ಕಟ್ಟೆಯ ಮೇಲಿಟ್ಟಳು. ಆಮೇಲೆ ಪಾತ್ರೆಗೆ ಹೇಳುವ ಹಾಗೆ ಹೇಳಿದಳು. "ಇಲ್ಲ ಕಣೋ. ಶಿವರಾತ್ರೀಲಿ ನೆಗಡಿ ಬಂದಿತ್ತಲ್ಲ, ಅವತ್ತು ಹೋಗಿದ್ದು ಬಂದೇ ಇಲ್ಲ. ಇಂಗು, ಸಾರಿನ ಪುಡಿ, ವಿಭೂತಿ, ಯಾವ್ದೂ ಇಲ್ಲ. ಸಾರು ಬಾಯಿಗೆ ಹಾಕ್ಕಂಡ್ರೆ ಬಿಸ್‌ನೀರು ಇದ್ದಂಗದೆ. ಕಾಫಿ ಬರೀ ಕಹಿ."

"ನಾಲ್ಕು ತಿಂಗಳಾಯ್ತಲ್ಲಮ್ಮ! ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ? ಗ್ಯಾಸ್ ಸೋರಿದ್ರೆ ಗೊತ್ತಾಗಲ್ಲ, ನೀನು ಒಲೆ ಹತ್ರ ಹೋಗ್ಬ್ಯಾಡ ಅಂತಿದ್ದೆ. ಅಲ್ವಾ?"

ಓದುಗರೇ, ಸುಳ್ಳು ಯಾಕೆ ಹೇಳಲಿ? "ಬಂದೇ ಇಲ್ಲ" ಅನ್ನುವ ಮಾತು ಮುಗಿಯುವ ಮೊದಲೇ ನನ್ನ ತಲೆ ಗ್ಯಾಸ್ ಸಿಲಿಂಡರಿಗೆ ಹೋಗಿ, ಅಲ್ಲಿಂದ ಅಗ್ನಿಶಾಮಕ ದಳಕ್ಕೆ ಹೋಗಿ, ವಾಪಸ್ಸು ಬಂದಾಗಿತ್ತು. ಹೆತ್ತವಳು. ನನ್ನನ್ನು ಪೂರ್ತಿ ಓದಿಕೊಂಡಿದ್ದಾಳೆ.

"ಅಲ್ಲಮ್ಮ, ಅದಕ್ಕೇ..."

"ಅದಷ್ಟೇ ಅಲ್ಲ." ಈಗ ಅವಳ ದನಿ ಬೇರೆಯಾಗಿತ್ತು. "ವಾಸನೆ ಇಲ್ದೆ ಕೈ ಅಂದಾಜು ತಪ್ಪೋಯ್ತು. ಆಮ್ಯಾಕೆ ನಾನು ಊಟಕ್ಕೆ ಕೂತಾಗ ಉಪ್ಪಿಲ್ಲ ಅಂತ ನಂಗೇ ಗೊತ್ತಾಯ್ತಿತ್ತು. ಉಪ್ಪು, ಹುಳಿ ನಾಲಗೆಗೆ ತಿಳೀತದಲ್ಲ. ಮೊದ್ಲೆಲ್ಲ ಒಂದ್ ಹರಳು ಕಮ್ಮಿ ಆದ್ರೆ 'ಏನಮ್ಮ ಇದು' ಅಂತ ಕೂಗಾಡ್ತಿದ್ದೆ ನೀನು. ಈಗ ಡಬ್ಬಿ ತಂದಿಟ್ಕಂಡು ಸುಮ್ನೆ ತಿಂದ್ರಿ. ಇವಳಿಗೇನು ಹೇಳೋದು ಅಂತ ಬುಟ್ಬುಟ್ರಿ ಅಂದ್ಕಂಡೆ."

ನಾನು ಸೌಜನ್ಯ ಅಂದುಕೊಂಡಿದ್ದು ಅವಳಿಗೆ ಹೀಗೆ ಕಂಡಿತ್ತು.

ಹಲಸಿನ ತೊಳೆ ಇನ್ನೂ ನನ್ನ ಕೈಯಲ್ಲೇ ಇತ್ತು. ವಾರಗಟ್ಟಲೆ ಕೊರೆಯುತ್ತಿದ್ದ ಪ್ರಶ್ನೆಯನ್ನೇ ಕೇಳಿಬಿಟ್ಟೆ. "ಮತ್ತೆ ಸಲಾಡ್ ಹೇಗಮ್ಮ ಸೇರ್ತು?"

ಅಮ್ಮನ ಮುಖ ಸ್ವಲ್ಪ ಸಡಿಲವಾಯಿತು.

"ಅದು ಕೇಳಿಸ್ತದೆ ಕಣೋ."

"ಕೇಳಿಸ್ತದಾ?"

"ಊಂ. ಕರುಂ ಅಂತ ಸೌತೆಕಾಯಿ, ಕಟುಂ ಅಂತ ಸೀಬೆ. ದಾಳಿಂಬೆ ಒಳಗೇ ಸಿಡೀತದೆ. ನಿಂಬೆಹುಳಿ ಚುಳ್ ಅಂತದೆ, ಮೆಣಸು ಸುಡ್ತದೆ. ಏನೋ ಒಂದು ತಿಂತಾ ಇದೀನಿ ಅಂತ ಗೊತ್ತಾಯ್ತದೆ. ನಿನ್ನ ಪರಂಗಿ ಹಣ್ಣು ಏನೂ ಹೇಳಲ್ಲ."

ಹಾಗಾದರೆ ಅಮ್ಮ ಕಣ್ಣು ಮುಚ್ಚಿ, ತಲೆ ವಾಲಿಸಿ ಕೂತು ಮಾಡುತ್ತಿದ್ದುದು ಇದನ್ನೇ. ಊಟವನ್ನು ಕೇಳಿಸಿಕೊಳ್ಳುತ್ತಿದ್ದಳು.

ಆ ದಿನ ಊಟದ ಹೊತ್ತಿಗೆ ಸಿಂಚನಳಿಗೆ ವಿಷಯ ಗೊತ್ತಾಗಿ ಅವಳ ಕುತೂಹಲ ಕೆರಳಿತು. "ಅಪ್ಪಾ, ಮೂಗು ಮುಚ್ಕೊಂಡು ಸಾರು ಕುಡೀರಿ. ಅಮ್ಮ, ನೀನೂ." ಮೂವರೂ ಮೂಗು ಹಿಡಿದು ಕೂತೆವು. ದಯವಿಟ್ಟು ನೀವೂ ಮಾಡಿ ನೋಡಿ. ಹುಣಿಸೆಯ ಹುಳಿ ಇದೆ, ಉಪ್ಪಿದೆ, ಖಾರ ಇದೆ. ಸಾರು ಮಾತ್ರ ಇಲ್ಲ! ಕೊತ್ತಂಬರಿ, ಜೀರಿಗೆ, ಇಂಗು, ಕರಿಬೇವು, ನಾವು 'ಅಮ್ಮನ ಸಾರು' ಅಂತ ಕರೆಯುತ್ತಿದ್ದುದೆಲ್ಲ ಮೂಗಿನ ಬಾಗಿಲಲ್ಲೇ ನಿಂತುಬಿಟ್ಟಿತ್ತು. ಬೆರಳು ತೆಗೆದ ಕ್ಷಣ ಎಲ್ಲ ಒಟ್ಟಿಗೆ ಒಳಗೆ ನುಗ್ಗಿತು. ಗಿರಿಜಾ ಎರಡು ಸಲ ಮೂಗು ಮುಚ್ಚಿ ತೆರೆದು ನೋಡಿ, "ಅತ್ತೆ, ಇಷ್ಟು ದಿನ ಹೀಗೇ ಉಂಡ್ರಾ ನೀವು?" ಅಂದಳು.

ಆಮೇಲೆ ಸಲಾಡ್, ಅದೂ ಮೂಗು ಮುಚ್ಚಿಕೊಂಡು. ಹಲಸಿನ ಪರಿಮಳ ಹೋಯಿತು, ಪುದೀನದ ಪರಿಮಳವೂ ಹೋಯಿತು, ನಾಲಗೆಯ ಮೇಲೆ ತಣ್ಣಗೊಂದು ಗಾಳಿ ಉಳಿಯಿತು. ಸಿಹಿ, ಹುಳಿ, ಮೆಣಸಿನ ಉರಿ, ಹಲ್ಲಿನಡಿಯ ಸದ್ದು, ಎಲ್ಲ ಇದ್ದಲ್ಲೇ ಇದ್ದವು.

"ನೋಡಿದ್ರಾ?" ಅಂದಳು ಅಮ್ಮ. ತಿಂಗಳುಗಳ ನಂತರ ಆ ದನಿಯಲ್ಲಿ ಹಳೆಯ ಗತ್ತು. "ನಾನೇನ್ ಸುಮ್ನೆ ದನದ ಮೇವು ತಿಂತಿದ್ನಾ?"

ಮೂಗಿನ ಡಾಕ್ಟರರ ಹತ್ತಿರ ಹೋಗಿ ಬಂದೆವು. ನೆಗಡಿಯ ನಂತರ ಕೆಲವರಿಗೆ ಹೀಗಾಗುವುದುಂಟು, ನಿಧಾನವಾಗಿ ವಾಪಸ್ಸು ಬರಬಹುದು, ಪೂರ್ತಿ ಬರದೆಯೂ ಇರಬಹುದು ಅಂದರು. ದಿನಾ ಪರಿಚಯದ ವಾಸನೆಗಳನ್ನು ಮೂಸಿ ಮೂಗಿಗೆ ನೆನಪು ಮಾಡಿಕೊಡಬೇಕಂತೆ. ಲವಂಗ, ಕಾಫಿ ಪುಡಿ, ನಿಂಬೆ ಸಿಪ್ಪೆ ಅಂತ ಅವರು ಹೇಳಿದರು. ಅಮ್ಮ ತಾನೇ ವಿಭೂತಿ ಗಟ್ಟಿ ಸೇರಿಸಿಕೊಂಡಳು.

ಇನ್ನು ಅಡುಗೆಮನೆಯ ಪ್ರಶ್ನೆ. ನಾನು ಗ್ಯಾಸ್ ಸೋರಿದರೆ ಕೂಗುವ ಯಂತ್ರ ತಂದು ಗೋಡೆಗೆ ಹಾಕಿಸಿದೆ. (ಅದು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಹೊಸ ಚಿಂತೆ ಉಚಿತವಾಗಿ ಬಂತು.) ಒಲೆಯ ಮುಂದೆ ಅಮ್ಮನೇ. ಪಕ್ಕದಲ್ಲಿ ಅವಳ ಮೂಗಾಗಿ ನಮ್ಮಲ್ಲಿ ಒಬ್ಬರು. ರುಚಿ ನೋಡುವಂತಿಲ್ಲ, ಎಡೆಯಾಗಬೇಕಲ್ಲ. ಬರಿಯ ವಾಸನೆಯ ವರದಿ.

ಮೊದಲ ಪಾಳಿ ನನ್ನದು. ಸಾರಿನ ಪುಡಿಗೆ ಮೆಂತ್ಯ ಹುರಿಯುತ್ತಿದ್ದಳು.

"ಬಂತಾ?"

"ಏನೋ ಬಂತು."

"ಏನೋ ಅಂದ್ರೆ? ಹಸಿ ವಾಸನೆ ಹೋಗಿ ಘಮ ಬಂತಾ, ಇಲ್ವಾ?"

"ಎರಡರ ನಡುವೆ ಇದ್ದಂಗಿದೆಯಮ್ಮ."

ಅಷ್ಟರಲ್ಲಿ ಮೆಂತ್ಯ ಕಪ್ಪಾಯಿತು. ಅಮ್ಮ ಬಾಣಲೆ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಮೂಗು ಇರೋದು ಕನ್ನಡಕ ಕೂರ್ಸಕ್ಕಾ?"

ನಿಜ. ಐವತ್ತು ದಾಟಿದರೂ ಮೆಂತ್ಯ ಹುರಿದಾಗ ಯಾವ ಘಳಿಗೆಯಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತಿಲ್ಲ. ಮೂಗು 'ನಾರ್ಮಲ್' ಇದ್ದೂ ಗೊತ್ತಿಲ್ಲ. ಈಗ ಕಲಿಯುತ್ತಿದ್ದೇನೆ. ಧನಿಯ ಹುರಿದರೆ ಒಂದು ಕ್ಷಣ ಕಿತ್ತಳೆ ಸಿಪ್ಪೆಯಂತೆ ಬರುತ್ತದೆ, ನಿಮಗೆ ಗೊತ್ತಿತ್ತಾ? ಅಮ್ಮನಿಗೆ ಹೇಳಿದೆ. "ಊಂ, ಅದೇ. ಆಗ್ಲೇ ಇಳಿಸ್ಬೇಕು," ಅಂದಳು. ಕಣ್ಣು ಮಿಂಚಿತು.

ಊಟ ಸ್ವಲ್ಪ ಹೆಚ್ಚಿದೆ. ಸಾರನ್ನ ಇನ್ನೂ ಅಷ್ಟಕ್ಕಷ್ಟೇ. ಆದರೆ ಮುದ್ದೆಯ ಪಕ್ಕ ಸಲಾಡ್ ಇಟ್ಟುಕೊಂಡು, ಒಂದು ತುತ್ತು ಅದು, ಒಂದು ತುತ್ತು ಇದು ಅಂತ ಮುಗಿಸುತ್ತಾಳೆ. ರವಿಕೆಯ ತೋಳನ್ನು ನಾನು ದಿನಾ ಗಮನಿಸುತ್ತೇನೆ. ಅವಳಿಗೂ ಗೊತ್ತು.

ಮೊನ್ನೆ ಭಾನುವಾರ ಸಲಾಡ್ ಕಲಸಿ ಮೇಜಿನ ಮೇಲಿಡಲು ಹೋದೆ. ಅಮ್ಮ ತಡೆದಳು. "ಮೊದ್ಲು ದೇವ್ರಿಗೆ."

"ಹಸಿ ಸೊಪ್ಪಾ ಅಮ್ಮ?"

"ಯಾಕೆ? ಬಿಲ್ವಪತ್ರೆ ಬೇಯ್ಸಿ ಏರಿಸ್ತೀಯಾ?"

ಬಟ್ಟಲು ಹಿಡಿದು ವಾಪಸ್ಸು ಅಡುಗೆಮನೆಗೆ ಬಂದೆ. ದೇವರಿಗೆ ಅಂದಮೇಲೆ ನಾನೂ ರುಚಿ ನೋಡುವಂತಿಲ್ಲ. ಉಪ್ಪು ಎಷ್ಟು? ನಿಂಬೆ ಸಾಕಾ? ಜೇನುತುಪ್ಪ ಜಾಸ್ತಿಯಾಯಿತಾ? ಎಲೆಯನ್ನು ಎಷ್ಟು ಮೂಸಿದರೂ ಅದು ನನ್ನ ಮೂಗಿಗೆ ಬಂದು ಏನೂ ಹೇಳಲಿಲ್ಲ. ಅಂದಾಜಿನ ಮೇಲೆ ಹಾಕಿ, ಎಡೆ ಇಟ್ಟು, ಎಲ್ಲರಿಗೂ ಬಡಿಸಿ, ಸೌಟು ಹಿಡಿದು ನಿಂತೆ. ಒಬ್ಬೊಬ್ಬರ ಮುಖವನ್ನೂ ಪರೀಕ್ಷೆಯ ಫಲಿತಾಂಶದಂತೆ ಓದುತ್ತಿದ್ದೆ. ಒಂದು ಬಟ್ಟಲು ಸೊಪ್ಪಿಗೆ! ಅಮ್ಮ ದಿನಾ ಹೀಗೇ ನಿಲ್ಲುತ್ತಿದ್ದಳಾ?

"ಹೆಂಗದೆ?" ಅಂತ ಕೇಳಿದೆ. ಸೌಟು ಹಿಡಿದು ಅಮ್ಮ ಕೇಳುವುದೂ ಹೀಗೇ.

"ಚೆನ್ನಾಗಿದೆ ರೀ," ಅಂದಳು ಗಿರಿಜಾ, ಬಹಳ ಬೇಗ.

"ಸೂಪರ್ ಅಪ್ಪಾ," ಅಂದಳು ಸಿಂಚನ, ತಲೆ ಎತ್ತದೆ.

ಅಮ್ಮ ಅಗಿದಳು. ತಲೆ ವಾಲಿಸಿ ಕೇಳಿಸಿಕೊಂಡಳು. ನುಂಗಿದಳು.

"ಉಪ್ಪು ಸಾಲ್ದು ಕಣೋ. ನಿಂಬೆಹಣ್ಣೂ ಅಷ್ಟೇ, ಜಿಪುಣ ಹಿಂಡಿದಂಗದೆ."

ನಾನು ಉಳಿದಿಬ್ಬರ ಕಡೆ ನೋಡಿದೆ. ಮಗಳ ಕೈ ಆಗಲೇ ಡಬ್ಬಿಯ ಮುಚ್ಚಳದ ಮೇಲಿತ್ತು.

ಅಂದ ಹಾಗೆ, ನಿಮ್ಮ ಮನೆಯ ಊಟದ ಮೇಜಿನ ಮೇಲೂ ಉಪ್ಪಿನ ಡಬ್ಬಿ ಬಂದು ಕೂತಿದೆಯಾ?